'47 ಮೆಸೇಜ್ ಡ್ರಾಪ್' ಅಂದರೆ ನಿಮ್ಮ ಅರ್ಜಿ ಹೋಯಿತೇ? ಸರ್ವರ್ ಸ್ಕ್ರೀನ್‌ಶಾಟ್ ಹೇಳುವುದೇ ಬೇರೆ

ಅರ್ಜಿ ಸಲ್ಲಿಕೆಯ ಕೊನೆಯ ದಿನ ಬಂತೆಂದರೆ ವೆಬ್‌ಸೈಟ್ ತೆವಳುವುದು ಹೊಸದೇನಲ್ಲ. ಅದರ ಬೆನ್ನಿಗೇ ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್‌ಗಳೂ ಬರುತ್ತವೆ. ಓದುಗರೊಬ್ಬರು ನಮಗೆ ಕಳಿಸಿದ ಚಿತ್ರದಲ್ಲಿ ಕಪ್ಪು ಪರದೆಯ ಮೇಲೆ ಸಾಲು ಸಾಲಾಗಿ 'ವಾರ್ನ್' ಎಂದಿತ್ತು. ಕೆಳಗೆ ಕನ್ನಡದಲ್ಲಿ ಹೀಗೆ ಬರೆದಿತ್ತು: "ಸರ್ವರ್ ಹ್ಯಾಕ್ ಆಗಿದೆ, ಅರ್ಜಿಗಳು ಡ್ರಾಪ್ ಆಗಿವೆ, ಎಲ್ಲರೂ ಈ ಲಿಂಕ್‌ನಲ್ಲಿ ಮತ್ತೆ ಶುಲ್ಕ ಕಟ್ಟಿ." ಮಗಳ ಅರ್ಜಿ ಹಾಕಿದ್ದ ಆ ಓದುಗರ ಪ್ರಶ್ನೆ ಒಂದೇ: ಮತ್ತೆ ದುಡ್ಡು ಕಟ್ಟಬೇಕಾ?

ಬೇಡ. ಆ ಚಿತ್ರದಲ್ಲಿ ಯಾವ ವೆಬ್‌ಸೈಟಿನ ಹೆಸರೂ ಇರಲಿಲ್ಲ, ಅರ್ಜಿಯ ಮಾತೂ ಇರಲಿಲ್ಲ. ಇದ್ದದ್ದು 'ಓವಿಎಸ್-ವಿಸ್ವಿಚ್‌ಡಿ' ಎಂಬ ಹೆಸರು. ಅದು ಓಪನ್ ವಿಸ್ವಿಚ್ ಎಂಬ ಉಚಿತ ತಂತ್ರಾಂಶದ ಭಾಗ. ಅಮೆರಿಕದ ನಿಸೀರಾ ಕಂಪನಿಯಲ್ಲಿ ಹುಟ್ಟಿದ ಈ ತಂತ್ರಾಂಶದ ಒಂದು ಭಾಗ 2012ರಲ್ಲಿ ಲಿನಕ್ಸ್‌ನೊಳಗೇ ಸೇರಿತು. ಇಂದು ಜಗತ್ತಿನ ಎಷ್ಟೋ ಡೇಟಾ ಸೆಂಟರ್‌ಗಳಲ್ಲಿ ಇದು ಓಡುತ್ತಿದೆ. ಹಾಗಾಗಿ ಇಂಥ ಚಿತ್ರ ಯಾವ ದೇಶದ್ದೂ ಆಗಿರಬಹುದು, ಯಾವ ವರ್ಷದ್ದೂ ಆಗಿರಬಹುದು.

ಈ ಸ್ವಿಚ್ ಮಾಡುವ ಕೆಲಸವೇನು?

ಒಂದು ದೊಡ್ಡ ಸರ್ವರ್‌ನೊಳಗೆ ಹತ್ತಾರು ವರ್ಚುವಲ್ ಕಂಪ್ಯೂಟರ್‌ಗಳು ಇರುತ್ತವೆ. ಹೊರಗಿನಿಂದ ಬಂದ ಪ್ಯಾಕೆಟ್ ಯಾವುದಕ್ಕೆ ಹೋಗಬೇಕು ಎಂದು ದಾರಿ ತೋರಿಸಲು ಒಂದು ಸ್ವಿಚ್ ಬೇಕು. ತಂತಿ ಚುಚ್ಚುವ ಪೆಟ್ಟಿಗೆಯ ಬದಲು ಇಲ್ಲಿ ತಂತ್ರಾಂಶವೇ ಆ ಕೆಲಸ ಮಾಡುತ್ತದೆ.

ದೊಡ್ಡ ಅಪಾರ್ಟ್‌ಮೆಂಟಿನ ಗೇಟನ್ನು ನೆನಪಿಸಿಕೊಳ್ಳಿ. ಹೊಸಬರು ಬಂದರೆ ವಾಚ್‌ಮನ್ ಆಫೀಸಿಗೆ ಫೋನ್ ಮಾಡಿ ಕೇಳುತ್ತಾರೆ, ಉತ್ತರವನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅವರೇ ಮತ್ತೆ ಬಂದರೆ ಫೋನ್ ಬೇಡ, ನೇರ ಒಳಗೆ. ಓಪನ್ ವಿಸ್ವಿಚ್‌ನಲ್ಲಿ ವಾಚ್‌ಮನ್ ಲಿನಕ್ಸ್‌ನ ಕರ್ನಲ್‌ನಲ್ಲಿದ್ದಾನೆ, ಆಫೀಸು ವಿಸ್ವಿಚ್‌ಡಿ. ಮೊದಲ ಪ್ಯಾಕೆಟ್ ಮಾತ್ರ ಆಫೀಸಿಗೆ ಹೋಗುತ್ತದೆ. ಪುಸ್ತಕದಲ್ಲಿ ಬರೆದದ್ದು ಸಾಮಾನ್ಯವಾಗಿ 10 ಸೆಕೆಂಡ್ ಬಳಕೆಯಾಗದಿದ್ದರೆ ಅಳಿಸಿಹೋಗುತ್ತದೆ.

ಅಲ್ಲಿ ಮದುವೆಗೆ ಐನೂರು ಹೊಸಬರು ಒಟ್ಟಿಗೆ ಬಂದರೆ? ವಾಚ್‌ಮನ್ ಚುರುಕಾಗಿಯೇ ಇದ್ದಾನೆ, ಆಫೀಸಿನ ಫೋನ್ ಮಾತ್ರ ಬಿಡುವಿಲ್ಲದೆ ರಿಂಗಾಗುತ್ತದೆ. ಭಾರೀ ಟ್ರಾಫಿಕ್‌ನಲ್ಲಿ ತೊಂದರೆ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಪ್ಯಾಕೆಟ್ ಎಷ್ಟು ಎನ್ನುವುದಕ್ಕಿಂತ ಅದರಲ್ಲಿ ಹೊಸವು ಎಷ್ಟು ಎನ್ನುವುದೇ ಮುಖ್ಯ. (ಪೇಜ್ ತೆರೆಯಲಿಲ್ಲ ಎಂದು ನಾವು ಹತ್ತು ಸಲ ರಿಫ್ರೆಶ್ ಒತ್ತಿದಾಗ ಹೊಸಬರ ಸಾಲಿಗೆ ನಾವೇ ಜನ ಸೇರಿಸುತ್ತಿರುತ್ತೇವೆ.)

ಏನು ಡ್ರಾಪ್ ಆಯಿತು?

ಜನರನ್ನು ಹೆದರಿಸಿದ ಸಾಲು ಇದು: 'ಡ್ರಾಪ್ಡ್ 47 ಲಾಗ್ ಮೆಸೇಜಸ್... ಡ್ಯೂ ಟು ಎಕ್ಸೆಸಿವ್ ರೇಟ್.' ಇಲ್ಲಿ 'ಲಾಗ್' ಎಂಬ ಪದವನ್ನು ಫಾರ್ವರ್ಡ್ ಬರೆದವರು ನುಂಗಿಬಿಟ್ಟಿದ್ದಾರೆ. ಡ್ರಾಪ್ ಆದದ್ದು ಅರ್ಜಿಯೂ ಅಲ್ಲ, ಪ್ಯಾಕೆಟ್ಟೂ ಅಲ್ಲ. ಒಂದೇ ಎಚ್ಚರಿಕೆ ಪದೇ ಪದೇ ಬಂದು ಡಿಸ್ಕ್ ತುಂಬದಿರಲಿ ಎಂದು ಸ್ವಿಚ್ ತನ್ನ ಡೈರಿಯಲ್ಲಿ 47 ಸಲ ಅದನ್ನು ಬರೆಯದೆ ಬಿಟ್ಟಿದೆ, ಅಷ್ಟೇ. ಎಂಜಿನಿಯರ್‌ಗೆ ಇದೂ ಒಂದು ಸುಳಿವು: ಆ ಎಚ್ಚರಿಕೆ ಕಾಣುವುದಕ್ಕಿಂತ 47 ಸಲ ಹೆಚ್ಚು ಬಂದಿದೆ.

ಇನ್ನೊಂದು ಸಾಲು 'ಅನ್‌ರೀಸನಬ್ಲಿ ಲಾಂಗ್ 3012ಎಂಎಸ್ ಪೋಲ್ ಇಂಟರ್ವಲ್.' ವಿಸ್ವಿಚ್‌ಡಿ ತನ್ನ ಒಂದು ಸುತ್ತು ಕೆಲಸ ಮುಗಿಸಿ ಮುಂದಿನದಕ್ಕೆ ಕಾಯುವ ಹೊತ್ತಿಗೆ ಎಷ್ಟು ಸಮಯವಾಯಿತು ಎಂದು ಅಳೆದುಕೊಳ್ಳುತ್ತದೆ. 1 ಸೆಕೆಂಡ್ ದಾಟಿದರೆ ಈ ದೂರು. ಇಲ್ಲಿ 3 ಸೆಕೆಂಡ್ ದಾಟಿದೆ.

ನಿಜವಾದ ಕತೆ ಪಕ್ಕದ ಬ್ರಾಕೆಟ್‌ನಲ್ಲಿದೆ: '4ಎಂಎಸ್ ಯೂಸರ್, 8ಎಂಎಸ್ ಸಿಸ್ಟಮ್.' ಅಂದರೆ 3012 ಮಿಲಿಸೆಕೆಂಡ್‌ನಲ್ಲಿ ಅದು ದುಡಿದದ್ದು ಬರೀ 12. ಉಳಿದ ಮೂರು ಸೆಕೆಂಡ್ ಸುಮ್ಮನೆ ಕಾದಿದೆ. ಆಫೀಸಿನವರು ನಿಧಾನವಲ್ಲ, ಅವರಿಗೆ ಕುರ್ಚಿಯೇ ಸಿಕ್ಕಿಲ್ಲ! ಬೇರೆ ಪ್ರೋಗ್ರಾಂಗಳು ಸಿಪಿಯು ಹಿಡಿದುಕೊಂಡಿರಬಹುದು, ಡಿಸ್ಕ್ ಸಿಕ್ಕಿಹಾಕಿಕೊಂಡಿರಬಹುದು. ಸ್ವಿಚ್ ಇರುವುದೇ ಒಂದು ವರ್ಚುವಲ್ ಯಂತ್ರದಲ್ಲಾದರೆ, ಬ್ಯಾಕಪ್‌ಗಾಗಿ ಇಡೀ ಯಂತ್ರವನ್ನೇ ಕೆಲ ಕ್ಷಣ ನಿಲ್ಲಿಸಿರಬಹುದು. ಮುಂದಿನ ಸಾಲುಗಳೂ ನೆರವಾಗುತ್ತವೆ. 'ಮೇಜರ್ ಫಾಲ್ಟ್ಸ್' ಹೆಚ್ಚಿದ್ದರೆ ಮೆಮೊರಿ ಸಾಲದೆ ಡಿಸ್ಕ್‌ಗೆ ಓಡಾಟ ನಡೆದಿರುವ ಸಾಧ್ಯತೆ ದೊಡ್ಡದು. 'ಇನ್‌ವಾಲಂಟರಿ' ಎಂಬ ಸಂಖ್ಯೆ ದೊಡ್ಡದಿದ್ದರೆ ಕೆಲಸದ ನಡುವೆಯೇ ಸಿಪಿಯು ಕಸಿದುಕೊಳ್ಳಲಾಗಿದೆ. ಬದಲಿಗೆ ಯೂಸರ್ ಸಂಖ್ಯೆಯೇ 2900 ಇದ್ದಿದ್ದರೆ ಮಾತು ಬೇರೆ. ಆಗ ವಿಸ್ವಿಚ್‌ಡಿ ತಾನೇ ಕೆಲಸದಲ್ಲಿ ಮುಳುಗಿದೆ ಎಂದರ್ಥ.

ಹೀಗೆ ಆಫೀಸು ಮೂರು ಸೆಕೆಂಡ್ ತಡವಾದರೂ, ವಾಚ್‌ಮನ್ ಪುಸ್ತಕದಲ್ಲಿ ಆಗಲೇ ಹೆಸರಿರುವವರು ಓಡಾಡುತ್ತಲೇ ಇರುತ್ತಾರೆ. ಹಾಗಾಗಿ ಈ ಎಚ್ಚರಿಕೆ ಒಂದನ್ನೇ ನೋಡಿ ಪ್ಯಾಕೆಟ್ ಹೋಯಿತು ಎನ್ನಲಾಗದು.

ಪ್ಯಾಕೆಟ್ ಹೋಗಿದೆಯೇ ಎಂದು ತಿಳಿಯಲು ಬೇರೆ ಲೆಕ್ಕವೇ ಇದೆ. ಸ್ವಿಚ್‌ನ ಅಂಕಿ ತೋರಿಸುವ ಕಮಾಂಡ್ ಕೊಟ್ಟರೆ 'ಹಿಟ್', 'ಮಿಸ್ಡ್', 'ಲಾಸ್ಟ್' ಎಂಬ ಮೂರು ಸಂಖ್ಯೆ ಬರುತ್ತವೆ. ಹಿಟ್ ಅಂದರೆ ಪುಸ್ತಕದಲ್ಲಿ ಸಿಕ್ಕವು, ಮಿಸ್ಡ್ ಅಂದರೆ ಸಿಗದೆ ಆಫೀಸನ್ನು ಕೇಳಬೇಕಾದವು, ಲಾಸ್ಟ್ ಅಂದರೆ ಆಫೀಸಿನ ಸಾಲು ತುಂಬಿ ಬಿದ್ದುಹೋದವು. ಇವು ಮೊದಲಿನಿಂದ ಕೂಡುತ್ತಾ ಬಂದ ಸಂಖ್ಯೆಗಳು, ಆದ್ದರಿಂದ ಒಂದು ಸಲ ನೋಡಿ ಗಾಬರಿಯಾಗುವಂತಿಲ್ಲ. ನಿಮಿಷ ಬಿಟ್ಟು ಮತ್ತೆ ನೋಡಬೇಕು. ಲಾಸ್ಟ್ ಏರುತ್ತಿದ್ದರೆ ಆಗ ತೊಂದರೆ ನಿಜ.

ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಾ?

ಫೋನಿಗೆ ಮಾಡುವಂತೆ ಇದಕ್ಕೂ ಮಾಡಬಾರದೇ ಎನ್ನಿಸುವುದು ಸಹಜ. ಟ್ರಾಫಿಕ್ ಏರಿರುವಾಗ ಹಾಗೆ ಮಾಡಿದರೆ ವಾಚ್‌ಮನ್ ಪುಸ್ತಕ ಹರಿದುಹಾಕಿದಂತೆ. ಹಳಬರೂ ಹೊಸಬರಾಗಿ ಎಲ್ಲರ ಫೋನೂ ಆಫೀಸಿಗೇ. ಎಚ್ಚರಿಕೆ ಬರೆಯದಂತೆ ಲಾಗ್ ಮುಚ್ಚಿಬಿಡುವವರೂ ಇದ್ದಾರೆ. ನಮ್ಮ ಪ್ರಕಾರ ಅದು ಕಾರಿನ ಎಂಜಿನ್ ದೀಪದ ಮೇಲೆ ಟೇಪ್ ಅಂಟಿಸಿದ ಹಾಗೆ.

ಒಳ್ಳೆಯ ಎಂಜಿನಿಯರ್ ಮೊದಲು ನೋಡುವುದು ನಿಯಮಗಳನ್ನು. ಬಂದವರ ಪೋರ್ಟ್ ಸಂಖ್ಯೆಯನ್ನೂ ನೋಡುವ ನಿಯಮಗಳಿದ್ದರೆ ಒಬ್ಬರದೇ ಪ್ರತಿ ಹೊಸ ಸಂಪರ್ಕಕ್ಕೂ ಪುಸ್ತಕದಲ್ಲಿ ಹೊಸ ಸಾಲು ಬೇಕಾಗುತ್ತದೆ. ವಿಳಾಸ ನೋಡಿದರೆ ಸಾಕಾಗುವ ಕಡೆ ಒಂದೇ ಸಾಲಿನಲ್ಲಿ ಸಾವಿರ ಸಂಪರ್ಕ ಮುಗಿಯುತ್ತದೆ. ಪುಸ್ತಕ ತೀರಾ ದಪ್ಪವಾಗಿ ಅದನ್ನು ತಿರುವಿ ನೋಡಲು 2 ಸೆಕೆಂಡ್‌ಗಿಂತ ಹೆಚ್ಚು ಬೇಕಾದರೆ ಸ್ವಿಚ್ ಅದಕ್ಕೂ ಎಚ್ಚರಿಸುತ್ತದೆ, ಮತ್ತು ಸಾಲುಗಳ ಮಿತಿಯನ್ನು ತಾನೇ ಇಳಿಸುತ್ತದೆ. ಆಗ ಜಾಗ ಸಿಗದವರು ಪ್ರತಿ ಸಲವೂ ಆಫೀಸಿಗೇ ಹೋಗಬೇಕು. ಇದಲ್ಲದೆ ವಿಸ್ವಿಚ್‌ಡಿಗೆ ಬೇರೆ ಯಾರೂ ಮುಟ್ಟದ ಸಿಪಿಯು ಮೀಸಲಿಡುವುದೂ ಉಂಟು.

ಹಾಗಾದರೆ ಹ್ಯಾಕ್ ಆಗಿರಲು ಸಾಧ್ಯವೇ ಇಲ್ಲವೇ? ಸುಳ್ಳು ವಿಳಾಸಗಳಿಂದ ಪ್ಯಾಕೆಟ್ ಸುರಿಯುವ ದಾಳಿಯಲ್ಲೂ ಇವೇ ಎಚ್ಚರಿಕೆಗಳು ಬರಬಹುದು. ಆದರೆ ಬಂದವರು ಅರ್ಜಿದಾರರೋ ದಾಳಿಕೋರರೋ ಎಂದು ಈ ಸಾಲುಗಳು ಹೇಳುವುದಿಲ್ಲ. ಅದಕ್ಕೆ ಪ್ಯಾಕೆಟ್‌ಗಳು ಎಲ್ಲಿಂದ ಬರುತ್ತಿವೆ ಎಂದೇ ನೋಡಬೇಕು.

ಇನ್ನು ಆ ತಾಯಿಯ ಪ್ರಶ್ನೆ. ಸ್ವಿಚ್ ಯಾವ ಅರ್ಜಿಯನ್ನೂ ಇಟ್ಟುಕೊಳ್ಳುವುದಿಲ್ಲ, ಅರ್ಜಿ ಇರುವುದು ಡೇಟಾಬೇಸ್‌ನಲ್ಲಿ. ದಾರಿಯಲ್ಲಿ ಪ್ಯಾಕೆಟ್ ಬಿದ್ದರೆ ನಿಮ್ಮ ಫೋನ್ ತಾನಾಗಿಯೇ ಮತ್ತೆ ಕಳಿಸುತ್ತದೆ. ಪೇಜ್ ನಿಧಾನವಾಗುವುದಕ್ಕೆ ಅದೂ ಒಂದು ಕಾರಣ. ಅರ್ಜಿ ಸಂಖ್ಯೆ ಕೈಗೆ ಬಂದಿದ್ದರೆ ಅರ್ಜಿ ತಲುಪಿರುವ ಸಾಧ್ಯತೆ ಹೆಚ್ಚು. ಸಬ್ಮಿಟ್ ಒತ್ತಿದ ಮೇಲೆ ಪರದೆ ನಿಂತುಹೋಗಿದ್ದರೆ ಮಾತ್ರ ತಲುಪಿರಲೂಬಹುದು, ತಲುಪದಿರಲೂಬಹುದು. ಗದ್ದಲ ಇಳಿದ ಮೇಲೆ ಅದೇ ಅಧಿಕೃತ ವೆಬ್‌ಸೈಟಿಗೆ ಲಾಗಿನ್ ಆಗಿ ಅರ್ಜಿಯ ಸ್ಥಿತಿ ಮತ್ತು ಶುಲ್ಕದ ರಸೀದಿ ನೋಡಿ. ಫಾರ್ವರ್ಡ್‌ನಲ್ಲಿ ಬಂದ ಲಿಂಕ್‌ನಲ್ಲಿ ಯಾರಾದರೂ ಆಗಲೇ ಹಣ ಕಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.