ತಿಪ್ಪೆಯ ಬೀಜ, ಹೆಬ್ರೋನಿನ ಬಳ್ಳಿ

ಇಸ್ರೇಲಿನ ದಕ್ಷಿಣ ಭಾಗದಲ್ಲಿರುವ ನೆಗೆವ್ ಮರುಭೂಮಿಯ ಎತ್ತರದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಆ ನೆಲದಲ್ಲಿ ಕ್ರಿ.ಶ. 5ನೇ ಶತಮಾನದ ರೈತರು ದ್ರಾಕ್ಷಿ ಬೆಳೆದು ವೈನ್ ಮಾಡುತ್ತಿದ್ದರು. ಹಳ್ಳಗಳಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿ, ಬೋಳು ಗುಡ್ಡಗಳಿಂದ ಇಳಿಯುವ ನೀರನ್ನು ತೋಟಕ್ಕೆ ತಿರುಗಿಸಿಕೊಂಡಿದ್ದರು. ಪಾರಿವಾಳ ಸಾಕಿ ಅದರ ಹಿಕ್ಕೆಯನ್ನೇ ಗೊಬ್ಬರ ಮಾಡಿದ್ದರು. ವೈನ್ ಗಾಜಾ ಬಂದರಿಗೆ ಹೋಗಿ, ಉದ್ದನೆಯ ಮಣ್ಣಿನ ಜಾಡಿಗಳಲ್ಲಿ ಹಡಗು ಹತ್ತುತ್ತಿತ್ತು. ಆ 'ಗಾಜಾ ಜಾಡಿ'ಯ ಚೂರುಗಳು ಫ್ರಾನ್ಸ್, ಜರ್ಮನಿ, ಬ್ರಿಟನ್ನಿನವರೆಗೂ ಸಿಕ್ಕಿವೆ.

ಈ ತೋಟಗಳು ಅಳಿದದ್ದು ಹೇಗೆ? ಅರಬರ ಆಳ್ವಿಕೆ ಬಂದ ಮೇಲೆ ಮದ್ಯ ನಿಂತಿತು, ತೋಟ ಒಣಗಿತು ಎಂಬುದು ಹಳೆಯ ಉತ್ತರ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಪ್ಪೆಗಳನ್ನು ಕೇಳಿತು. ಮೂರು ಹಳೆಯ ಊರುಗಳ 11 ತಿಪ್ಪೆಗಳನ್ನು ಅಗೆದು, ದ್ರಾಕ್ಷಿ, ಗೋಧಿ, ಬಾರ್ಲಿಯ ಸುಮಾರು 10,000 ಬೀಜಗಳನ್ನು ಎಣಿಸಿದರು. ದ್ರಾಕ್ಷಿಯ ಪಾಲು 4ನೇ ಶತಮಾನದಿಂದ ಏರುತ್ತ ಬಂದು, 6ನೇ ಶತಮಾನದ ನಡುವಿನಲ್ಲಿ ಕುಸಿದಿತ್ತು. ಅಂದರೆ ಅರಬರು ಬರುವುದಕ್ಕೆ ಹೆಚ್ಚುಕಡಿಮೆ ಒಂದು ಶತಮಾನ ಮೊದಲೇ. 536ರ ಜ್ವಾಲಾಮುಖಿ ಸ್ಫೋಟದ ನಂತರದ ಹವಾಮಾನದ ಏರುಪೇರು, 541ರ ಪ್ಲೇಗ್, ಮುರಿದುಬಿದ್ದ ಮಾರುಕಟ್ಟೆ, ಇವುಗಳ ಕಡೆಗೆ ಸಂಶೋಧಕರು ಬೆರಳು ಮಾಡುತ್ತಾರೆ. ಬಹುಕಾಲ ಇಸ್ಲಾಂ ಧರ್ಮದ ತಲೆಗೆ ಕಟ್ಟಿದ್ದ ಆರೋಪವನ್ನು ಒಂದು ಹಿಡಿ ಬೀಜ ಅಲುಗಾಡಿಸಿತು.

ಹಾಗಾದರೆ ಆ ಬೀಜದಿಂದಲೇ ಹಳೆಯ ತಳಿಯನ್ನು ಎಬ್ಬಿಸಬಹುದಲ್ಲವೇ? ಆಗದು. ಕರಕಲಾದ ಬೀಜ ಮೊಳೆಯುವುದಿಲ್ಲ; ಶತಮಾನಗಳಿಂದ ಒಣಗಿ ಬಿದ್ದ ಬೀಜ ಮೊಳೆಯುವುದು ತೀರ ಅಪರೂಪ. ಮೊಳೆತರೂ ಪ್ರಯೋಜನ ಕಡಿಮೆ. ಆಪೂಸಿನ ಗೊರಟೆ ನೆಟ್ಟರೆ ಆಪೂಸೇ ಬರುತ್ತದೆಂಬ ಖಾತ್ರಿ ಇಲ್ಲ, ದ್ರಾಕ್ಷಿಯೂ ಹಾಗೆಯೇ. ಬೀಜದೊಳಗೆ ತಾಯಿಯ ಗುಣಗಳು ಹೊಸದಾಗಿ ಕಲೆಸಿಹೋಗಿರುತ್ತವೆ. ತಳಿ ಬದಲಾಗದೆ ಉಳಿಯಬೇಕಾದರೆ ಯಾರಾದರೂ ಕಡ್ಡಿ ಕತ್ತರಿಸಿ ನೆಡುತ್ತಲೇ ಇರಬೇಕು, ತಲೆಮಾರಿನಿಂದ ತಲೆಮಾರಿಗೆ. ಆದ್ದರಿಂದ ವಿಜ್ಞಾನಿಗಳು ಬೀಜದ ಡಿಎನ್‌ಎ ಓದಿ, ಅದರ ಬದುಕಿರುವ ನೆಂಟರನ್ನು ಹುಡುಕುತ್ತಾರೆ. 2023ರಲ್ಲಿ ಟೆಲ್ ಅವೀವ್ ಮತ್ತು ಹೈಫಾ ವಿಶ್ವವಿದ್ಯಾಲಯಗಳ ತಂಡ ನೆಗೆವ್‌ನ ಬೀಜಗಳಿಗೆ ಇಂಥ ಇಬ್ಬರು ನೆಂಟರನ್ನು ಗುರುತಿಸಿತು: ಕರಾವಳಿಯ ಮರಳುದಿಬ್ಬಗಳಲ್ಲಿ ಉಳಿದುಕೊಂಡಿದ್ದ 'ಬೇರ್', ಮತ್ತು ಲೆಬನಾನಿನಲ್ಲಿ 'ಅಸ್ವದ್ ಕರೆಶ್' ಎಂದು ಕರೆಯುವ ಕಪ್ಪು ದ್ರಾಕ್ಷಿ.

ವೈನ್‌ಗೆ ಬೇಡಿಕೆ ಕುಗ್ಗಿದ ಶತಮಾನಗಳಲ್ಲಿ ಈ ನಾಡಿನ ಬಳ್ಳಿಗಳಿಗೆ ಕಡ್ಡಿ ನೆಟ್ಟವರು ಯಾರು? ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಈ ಪ್ರಶ್ನೆಯಲ್ಲಿದೆ. ಹೆಬ್ರೋನ್, ಬೆತ್ಲೆಹೆಮ್ ಸುತ್ತಲಿನ ಪ್ಯಾಲೆಸ್ತೀನಿ ರೈತರಿಗೆ ದ್ರಾಕ್ಷಿ ಎಂದರೆ ತಿನ್ನುವ ಹಣ್ಣು, ಒಣದ್ರಾಕ್ಷಿ, ರಸ ಕುದಿಸಿ ಮಾಡುವ 'ದಿಬ್ಸ್' ಪಾಕ, ಅನ್ನ ತುಂಬಿ ಸುತ್ತುವ ಎಲೆ. ದಾಬೂಕಿ, ಹಮ್ದಾನಿ, ಜಂದಾಲಿ, ಬಲದಿ ಎಂಬ ತಳಿಗಳು ಅವರ ತೋಟಗಳಲ್ಲಿ ಉಳಿದವು. ಬೆತ್ಲೆಹೆಮ್ ಬಳಿ 1885ರಲ್ಲಿ ಆರಂಭವಾದ ಸಲೇಷಿಯನ್ ಪಾದ್ರಿಗಳ ಕ್ರೆಮಿಸಾನ್ ವೈನ್‌ಮನೆ ಇವುಗಳಿಂದ ಇಂದು ವೈನ್ ತೆಗೆಯುತ್ತಿದೆ. ವೆಸ್ಟ್ ಬ್ಯಾಂಕಿನ ಇಸ್ರೇಲಿ ವಸತಿಯಲ್ಲಿರುವ ಏರಿಯಲ್ ವಿಶ್ವವಿದ್ಯಾಲಯವೂ ಸ್ಥಳೀಯ ತಳಿಗಳನ್ನು ಸಂಗ್ರಹಿಸಿದೆ; ಇಸ್ರೇಲಿ ಕಂಪನಿಯೊಂದು 2014ರ ಫಸಲಿನಿಂದ ಹಮ್ದಾನಿ ವೈನ್ ಮಾಡಿತು. ನಮ್ಮ ಹಿತ್ತಲ ಬಳ್ಳಿಗೆ ನಿಮ್ಮ ಚೀಟಿ ಏಕೆ ಎಂದು ಪ್ಯಾಲೆಸ್ತೀನಿಯರು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಡಿಎನ್‌ಎ ತಳಿಯ ವಂಶ ಹೇಳೀತು; ಸಾಕಿದವರ ಹೆಸರು ಹೇಳುವುದು ಮನುಷ್ಯರ ಕೆಲಸ.

2024ರಲ್ಲಿ ನೆಗೆವ್‌ನ ಆವ್ದತ್ ಎಂಬ ಹಳೆಯ ಊರಿನ ಅವಶೇಷಗಳ ಬಳಿ ಆ ಎರಡು ನೆಂಟ ತಳಿಗಳನ್ನು ನೆಟ್ಟರು. ಅಲ್ಲಿಂದ ನೂರು ಕಿಲೋಮೀಟರಿಗೂ ಕಡಿಮೆ ದೂರದ ಗಾಜಾದಲ್ಲಿ, ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಕೃಷಿಭೂಮಿಯ ಸುಮಾರು ಮೂರರಲ್ಲಿ ಎರಡು ಪಾಲು ಯುದ್ಧದಿಂದ ಹಾಳಾಗಿರುವುದನ್ನು ವಿಶ್ವಸಂಸ್ಥೆಯ ಉಪಗ್ರಹ ಸಮೀಕ್ಷೆ ತೋರಿಸಿತು. ಗಾಜಾ ನಗರದ ಶೇಖ್ ಇಜ್ಲೀನ್ ದ್ರಾಕ್ಷಿಗೆ ಹೆಸರಾದ ಬಡಾವಣೆ. ಅಲ್ಲಿ ಒಂದು ಬಳ್ಳಿ ಚಿಗುರಿದರೂ ಅದರ ಕಡ್ಡಿಯನ್ನು ಒಂದಕ್ಕಿಂತ ಹೆಚ್ಚು ಕಡೆ ನೆಟ್ಟು, ತಂದ ಹಿತ್ತಲಿನ ಹೆಸರಿನೊಡನೆ ಕಾಪಾಡಬೇಕು. ಇನ್ನೂ ಉಳಿದಿರುವ ಬಳ್ಳಿಗಳ ಲೆಕ್ಕ ಹಿಡಿಯುವ ಕೆಲಸ ಬಂದೂಕು ನಿಂತ ಮೊದಲ ಚಳಿಗಾಲದಲ್ಲೇ ಶುರುವಾಗಲಿ. ಕಡ್ಡಿ ಕತ್ತರಿಸಲು ತಕ್ಕ ಕಾಲವೂ ಅದೇ.