ಮೂರು ಸಾವಿರ ರೂಪಾಯಿ, ಒಂದು ಹಾಳುಬಿದ್ದ ತೋಟ

ವರ್ಕ್‌ಶಾಪ್ ಹಿಂದೆ ಒಂದು ತೋಟ ಇದೆ ಅಂದ್ರೆ ಫೈನಲ್ ಇಯರ್‌ನವರೂ ನಂಬಲ್ಲ. ಇರೋದು ಸೊಂಟದೆತ್ತರ ಪಾರ್ಥೇನಿಯಂ, ಒಡೆದ ಟೈಲ್ಸ್, ನಡುವೆ ಒಣಗಿದಂತೆ ಕಾಣುವ ಆರು ದಾಸವಾಳ. ಈ ಮಳೆಗಾಲ ಮುಗಿಯೋದರೊಳಗೆ ಅದು ತೋಟದ ಹಾಗೆ ಕಾಣದಿದ್ದರೆ ಕಲ್ಲು ಹಾಸಿ ಬೈಕ್ ಪಾರ್ಕಿಂಗ್ ಮಾಡ್ತಾರಂತೆ. ರಾಜ್ಯೋತ್ಸವದ ಖರ್ಚು ಕಳೆದು ಸಂಘದ ಹತ್ತಿರ ಉಳಿದದ್ದು 3,000 ರೂಪಾಯಿ. ಇಷ್ಟರಲ್ಲಿ ಆಗುತ್ತಾ? ಆಗುತ್ತೆ. ಆದರೆ ನರ್ಸರಿಗೆ ಓಡಬಾರದು. ದುಡ್ಡು ಮಣ್ಣಿಗೆ ಹೋಗ್ಬೇಕು, ಗಿಡಕ್ಕಲ್ಲ.

ಮೊದಲು ಏನೇನು ಬದುಕಿದೆ ಅಂತ ನೋಡಬೇಕು. ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರು ಕಂಡರೆ ಜೀವ ಇದೆ, ಕಂದು ಬಣ್ಣ ಇದ್ದು ಪಟ್ ಅಂತ ಮುರಿದರೆ ಆ ಕೊಂಬೆ ಸತ್ತಿದೆ. ತುದಿಯಿಂದ ಬುಡದವರೆಗೂ ನೋಡದೆ ಯಾವ ಗಿಡವನ್ನೂ ಕೀಳಬೇಡಿ. ನಮ್ಮ ಆರು ದಾಸವಾಳದಲ್ಲಿ ಐದು ಬುಡದಲ್ಲಿ ಹಸಿರಾಗೇ ಇದ್ದವು. ಒಣಗಿದ್ದನ್ನೆಲ್ಲ ಸವರಿದ ಮೇಲೆ ಚಿಗುರಿವೆ. ಜೆಸಿಬಿ ತರಿಸಿದ್ರೆ ಒಂದು ಗಂಟೆ ಕೆಲಸ ಅಂತ ಯಾರಾದರೂ ಹೇಳೇ ಹೇಳ್ತಾರೆ (ಸಿವಿಲ್‌ನವರೇ ಹೇಳೋದು). ಬೇಡ. ಇರುವ ಬೇರೂ ಹೋಗುತ್ತೆ, ಅದರ ಭಾರಕ್ಕೆ ಮಣ್ಣೂ ಗಟ್ಟಿಯಾಗುತ್ತೆ. ಕಾಂಪ್ಯಾಕ್ಷನ್ ರಸ್ತೆಗೆ ಒಳ್ಳೆಯದು, ಬೇರಿಗಲ್ಲ.

ಪಾರ್ಥೇನಿಯಂ ಅಂದ್ರೆ ನಮ್ಮ ಕಾಂಗ್ರೆಸ್ ಹುಲ್ಲು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತೆ. ಆದ್ದರಿಂದ ಹೂ ಬಿಡುವ ಮುಂಚೆಯೇ ಬೇರುಸಮೇತ ಕೀಳಬೇಕು. ಕೈಗವಸು, ಮಾಸ್ಕ್, ತುಂಬುತೋಳಿನ ಅಂಗಿ ಕಡ್ಡಾಯ. ಚರ್ಮದ ಅಲರ್ಜಿ, ಉಬ್ಬಸ ಎರಡೂ ಇದರಿಂದ ಬರಬಹುದು. ಆಸ್ತಮಾ ಇರುವವರು ಇದಕ್ಕೆ ಬರಬೇಡಿ, ನೀರು ಹಾಕೋಕೆ ಬನ್ನಿ. ಬಿಳಿಚು ಮೈಮೇಲೆ ಗಾಢ ಗೀರುಗಳಿರುವ ಪುಟ್ಟ ದುಂಬಿ ಎಲೆ ತಿನ್ನುತ್ತಿದ್ದರೆ ಸಾಯಿಸಬೇಡಿ. ಈ ಕಳೆಯ ಹತೋಟಿಗೆ ಅಂತಲೇ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋ ದುಂಬಿಯ ಸಂತತಿ ಅದು.

ಆಮೇಲೆ ಮಣ್ಣು. ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿ, ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಬೇರು ಕೊಳೆಯುತ್ತೆ. ನಮ್ಮಲ್ಲಿ ನಿಂತಿತ್ತು. ಅಗೆದರೆ ಅರ್ಧ ಅಡಿ ಕೆಳಗೆ ಯಾವ ಕಾಲದ್ದೋ ಕಾಂಕ್ರೀಟ್ ಚೂರು, ಗಾರೆಪುಡಿ. ಸಿಮೆಂಟಿನಿಂದ ಮಣ್ಣು ಕ್ಷಾರವಾಗುತ್ತೆ. ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗಲ್ಲ. ನರ ಹಸಿರಾಗಿದ್ದು ಎಳೆ ಎಲೆಯೆಲ್ಲ ಹಳದಿ ಆಗುತ್ತೆ. ಇದಕ್ಕೆ ಶಾರ್ಟ್‌ಕಟ್ ಇಲ್ಲ. ಮಾಲಿ ಅಣ್ಣನ ಹತ್ತಿರ ಗುದ್ದಲಿ, ಹಾರೆ, ಬಾಂಡ್ಲಿ ಕೇಳಿ ಪಡೆದು ಮೂರು ಭಾನುವಾರ ಆರಿಸಿದೆವು. ಸಿಕ್ಕಿದ ಇಟ್ಟಿಗೆಯೇ ಪಾತಿಯ ಅಂಚು.

ದುಡ್ಡು ಹೋಗಿದ್ದು ಇಲ್ಲಿ: ಕೊಳೆತ ಸಗಣಿ ಗೊಬ್ಬರಕ್ಕೆ, ಆಟೋ ಬಾಡಿಗೆ ಸೇರಿ, 1,700, ಪೈಪಿಗೆ 800, ಕೈಗವಸು, ಮಾಸ್ಕಿಗೆ 350. ಉಳಿದ ಗೊಬ್ಬರ ಪುಕ್ಕಟೆ. ಕ್ಯಾಂಪಸ್ಸಲ್ಲಿ ಗುಡಿಸಿ ಸುಡುತ್ತಿದ್ದ ಒಣ ಎಲೆ ಮೂರು ಬುಟ್ಟಿ, ಮೆಸ್ಸಿನ ತರಕಾರಿ ಸಿಪ್ಪೆ ಒಂದು ಬುಟ್ಟಿ, ಪದರ ಪದರವಾಗಿ. ನಾತ ಬಂದರೆ ಸಿಪ್ಪೆ ಜಾಸ್ತಿ ಅಂತ ಅರ್ಥ, ಎಲೆ ಸೇರಿಸಿ ತಿರುವಿ ಹಾಕಿ. ಬಿಸಿಯೇ ಏರದಿದ್ದರೆ ನೀರೋ ಸಿಪ್ಪೆಯೋ ಕಮ್ಮಿ. ಮಧ್ಯಕ್ಕೆ ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ಮುಟ್ಟಿದರೆ ಗೊತ್ತಾಗುತ್ತೆ. ಅನ್ನ, ಸಾರು ಹಾಕಿದರೆ ಇಲಿ ಬರುತ್ತೆ.

ನೀರಿನದೇ ನಿಜವಾದ ತಲೆನೋವು. ಕಾಲೇಜು ತೋಟಗಳು ಸಾಯೋದು ರಜೆಯಲ್ಲಿ. ಅದಕ್ಕೇ ಮಳೆ ಹಿಡಿದ ಮೇಲೆ ನೆಡೋದು, ಮುಂದಿನ ಬೇಸಿಗೆಗೆ ಬೇರು ಆಳಕ್ಕೆ ಇಳಿದಿರುತ್ತೆ. ಮೇಲೆ ಮೂರು ಇಂಚು ಒಣ ಎಲೆ ಹೊದಿಸಿ, ಕಾಂಡಕ್ಕೆ ತಾಗದ ಹಾಗೆ. ಲ್ಯಾಬಿನ ಎಸಿಯಿಂದ ತೊಟ್ಟಿಕ್ಕುವ ನೀರಲ್ಲಿ ಲವಣ ಇಲ್ಲವೇ ಇಲ್ಲ ಅನ್ನಬಹುದು, ಬಕೆಟ್ ಇಡಿ. ಆರ್‌ಒ ಹೊರಗೆ ಬಿಡುವ ನೀರು ಮಾತ್ರ ಬೇಡ, ಅದರಲ್ಲಿ ಲವಣ ಜಾಸ್ತಿ. ಲಾನ್ ಅಂತೂ ಕೇಳಲೇಬೇಡಿ.

ಇನ್ನು ಗಿಡ. ರಜೆಗೆ ಊರಿಗೆ ಹೋದವರು ವಾಪಸ್ ಬರುವಾಗ ಹಿತ್ತಲಿನಿಂದ ಕಡ್ಡಿ ತನ್ನಿ: ದಾಸವಾಳ, ನಂದಿಬಟ್ಟಲು, ದೊಡ್ಡಪತ್ರೆ. ದಾಸವಾಳ, ನಂದಿಬಟ್ಟಲು ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ ಇರಲಿ. ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದು ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ರಾತ್ರಿ ಬಸ್ಸಿನ ಪ್ರಯಾಣ ತಡೆಯುತ್ತೆ. ಹೂವಿನ ಬಣ್ಣ ಚೀಟಿಯಲ್ಲಿ ಬರೆದು ಕಟ್ಟಿ, ಕಡ್ಡಿ ನೋಡಿ ನಮಗೆ ಗೊತ್ತಾಗಲ್ಲ.