ಏಸಿ ಬಂದ್ ಮಾಡಿದ್ರೆ ಡೀಸೆಲ್ ಉಳಿಯುತ್ತಾ?

ಕಳೆದ ಏಪ್ರಿಲ್‌ನಲ್ಲಿ ಅಪ್ಪನನ್ನು ಕುಪ್ಪೇಲೂರಿನಿಂದ ದಾವಣಗೆರೆ ಆಸ್ಪತ್ರೆಗೆ ಬಾಡಿಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದೆ. ರಾಣೆಬೆನ್ನೂರು ದಾಟಿ ಹೆದ್ದಾರಿಗೆ ಬಂದರೂ ಡ್ರೈವರ್ ಏಸಿ ಹಾಕಲಿಲ್ಲ. ‘ಡೀಸೆಲ್ ಭಾಳ ಕುಡೀತೈತ್ರಿ ಸರ್’ ಅಂದ. ಕಿಟಕಿಯ ಬಿಸಿಗಾಳಿಗೆ ಅಪ್ಪ ಮುಖಕ್ಕೆ ಟವೆಲ್ ಹಿಡಿದಿದ್ದರು.

ಅವನ ಮಾತು ಸುಳ್ಳಲ್ಲ. ಏಸಿಯ ಕಂಪ್ರೆಸರ್ ತಿರುಗೋದು ಇಂಜಿನ್ನಿನ ಬೆಲ್ಟ್‌ನಿಂದಲೇ. ಬಿರುಬಿಸಿಲಲ್ಲಿ, ಅದರಲ್ಲೂ ಹತ್ತಿರದ ಓಡಾಟದಲ್ಲಿ, ಮೈಲೇಜ್ ಶೇ. 25ಕ್ಕೂ ಹೆಚ್ಚು ಇಳಿಯಬಹುದು ಅನ್ನುತ್ತದೆ ಅಮೆರಿಕದ ಇಂಧನ ಇಲಾಖೆ.

ಆದ್ರೆ ಕಿಟಕಿಯ ಗಾಳಿಯೂ ಪುಕ್ಕಟೆ ಅಲ್ಲ ನೋಡಿ! ವೇಗ 40ರಿಂದ 80 ಕಿ.ಮೀ.ಗೆ ಏರಿದರೆ ಗಾಳಿಯ ತಡೆ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ತೆರೆದ ಕಿಟಕಿ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅಂದ್ರೆ, ವೇಗ ಹೆಚ್ಚಿದಷ್ಟೂ ಕಿಟಕಿ ತೆರೆದು ಉಳಿಸೋ ಡೀಸೆಲ್ ಕಮ್ಮಿ.

ಹಾಗಾಗಿ ಊರೊಳಗೆ ಕಿಟಕಿ, ಹೆದ್ದಾರಿಯಲ್ಲಿ ಏಸಿ. ಬಿಸಿಲಲ್ಲಿ ನಿಂತ ಕಾರಾದರೆ ಮೊದಲು ಬಾಗಿಲು ತೆರೆದು ಒಳಗಿನ ಕಾವು ಹೊರಗೆ ಬಿಡಿ. ಆಮೇಲೆ ಏಸಿ ಹಾಕಿ.

ಇಂಜಿನಿಯರಿಂಗ್ ಓದಿದ ನಾನು ಇದನ್ನೆಲ್ಲ ಅವನಿಗೆ ವಿವರಿಸಿದೆ. ಅವನು ನಕ್ಕ. ಕಿ.ಮೀ. ಲೆಕ್ಕದ ಬಾಡಿಗೆಯಲ್ಲಿ ಉಳಿಯೋ ಡೀಸೆಲ್ಲೇ ಅವನ ಸಂಪಾದನೆ! ‘ಹೆಚ್ಚಿನ ದುಡ್ಡು ನಾನು ಕೊಡ್ತೀನಿ’ ಅಂದೆ. ಕಿಟಕಿಗಳು ಮುಚ್ಚಿದವು. ಅಪ್ಪ ಟವೆಲ್ ಇಳಿಸಿದರು.

ಆ ಮಾತನ್ನು ಕಾರು ಹತ್ತುವ ಮೊದಲೇ ಆಡಬೇಕಿತ್ತು.